ದ್ವಾದಶಿಯ ಎಲೆ, ಮೇಷ್ಟ್ರ ನಿಯಮ

ಕಮಲಾಕರಾಚಾರ್ಯರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದುತ್ತ ನೀವು ಅವರನ್ನು ಬಯ್ಯತೊಡಗುತ್ತೀರಿ, ಆಗ ನನಗೆ ಸಿಟ್ಟು ಬರುತ್ತದೆ. ಅವರನ್ನು ಬಯ್ಯುವ ಹಕ್ಕು ಏನಿದ್ದರೂ ನನ್ನದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅವರು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದರು. ನಾನು ಅಲ್ಲೇ ಕನ್ನಡ ಪಂಡಿತ, ತಿರುಮಲಾಚಾರ್ಯ. ಬಿ.ಎ. ಮಾಡಿದವರ ನಡುವೆ ಕನ್ನಡ ಪಂಡಿತನೆಂದರೆ ಮದುವೆ ಮನೆಗೆ ಬಂದ ದೂರದ ನೆಂಟನಿದ್ದ ಹಾಗೆ, ಊಟಕ್ಕೆ ಕರೆಯುತ್ತಾರೆ, ಮಾತಾಡಿಸುವುದಿಲ್ಲ. ಕಮಲಾಕರಾಚಾರ್ಯರೊಬ್ಬರೇ ಸಂಜೆ ನನ್ನ ಜೊತೆ ಕಾಲುವೆಯ ದಂಡೆಗುಂಟ ತಿರುಗಾಡಲು ಬರುತ್ತಿದ್ದರು.

ಅವರು ಕಂಪ್ಲಿಯವರು. ಚಿಕ್ಕಂದಿನಲ್ಲೇ ತಂದೆ ಹೋದರು. ತಾಯಿ ಭೀಮಾಬಾಯಿ ಕಂಡವರ ಮನೆಯಲ್ಲಿ ಅಡುಗೆ ಮಾಡಿ ಮಗನನ್ನು ಬಳ್ಳಾರಿಯಲ್ಲಿ ಓದಿಸಿದರು, ಆಮೇಲೆ ಮದ್ರಾಸಿಗೂ ಕಳಿಸಿದರು. ಆಚಾರ್ಯರ ಹೆಂಡತಿ ಬೇಗ ತೀರಿಕೊಂಡಿದ್ದರು. ಮತ್ತೆ ಮದುವೆಯಾಗಿ ಎಂದು ಯಾರಾದರೂ ಅಂದರೆ, "ಮನಿಗೆ ಅವ್ವ ಅದಾಳ, ಸಾಲಿಗೆ ನಾ ಅದೀನಿ, ಇನ್ನ್ಯಾರು ಬೇಕ್ರಿ?" ಎಂದು ಮಾತು ಮುಗಿಸುತ್ತಿದ್ದರು.

ವರ್ಷದ ಮೊದಲ ದಿನ ಆರನೇ ಫಾರಮ್ಮಿನಲ್ಲಿ, ಅಂದರೆ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ, ಅವರು ಪಾಠ ಮಾಡುತ್ತಿರಲಿಲ್ಲ. ನಿಯಮ ಹೇಳುತ್ತಿದ್ದರು. ಗಂಟೆ ಹೊಡೆದರೆ ಬಾಗಿಲು ಮುಚ್ಚಿತು, ಆಮೇಲೆ ಬಂದವನು ಪಾಠ ಮುಗಿಯುವವರೆಗೂ ಹೊರಗೆ ನಿಲ್ಲಬೇಕು. ಪುಸ್ತಕದ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಉತ್ತರವೆಂದು ಲೆಕ್ಕವಿಲ್ಲ. ಪಕ್ಕದವನದನ್ನು ನೋಡಿ ಬರೆದವನು ಪಕ್ಕದವನ ಜೊತೆಗೇ ಎದ್ದು ನಿಲ್ಲಬೇಕು. ಪದೇ ಪದೇ ತಡಮಾಡಿದವನ ಹೆಸರನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸುವುದಿಲ್ಲ. ಇಷ್ಟಾದ ಮೇಲೆ ಕೋಟಿನ ಗುಂಡಿ ಸರಿಮಾಡಿಕೊಂಡು, "ಕಾರಣ ಹೇಳಬ್ಯಾಡ್ರಿ. ಕಾರಣ ಎಲ್ಲಾರ ಹತ್ರಾನೂ ಇರ್ತಾವ," ಅನ್ನುತ್ತಿದ್ದರು. ಈ ಕೊನೆಯ ಮಾತು ಅವರಿಗೆ ಭಾಳ ಪ್ರೀತಿ. ಹೆಡ್ಮಾಸ್ತರರಂತೂ ಹೊಸ ಮೇಷ್ಟ್ರುಗಳಿಗೆ ಅವರ ತರಗತಿಯನ್ನು ತೋರಿಸಿ ನೋಡಿ ಕಲಿಯಿರಿ ಅನ್ನುತ್ತಿದ್ದರು. ನನ್ನ ಕನ್ನಡ ತರಗತಿಯಲ್ಲಿ ಹುಡುಗರು ಕಡಲೆ ತಿನ್ನುತ್ತಿದ್ದರು, ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಆ ವರ್ಷ ತರಗತಿಯಲ್ಲಿ ಊರ ಪಕ್ಕದ ಚಿತ್ತವಾಡ್ಗಿಯ ಹುಲುಗಪ್ಪ ಎಂಬ ಹುಡುಗನಿದ್ದ. ಅವನ ಕೇರಿಯಿಂದ ಹೈಸ್ಕೂಲಿನ ಕೊನೆಯ ತರಗತಿಗೆ ಬಂದವನು ಅವನೊಬ್ಬನೇ. ಮಾತು ಕಡಿಮೆ, ಓದಿನಲ್ಲಿ ಗಟ್ಟಿ. ಬೆಲೆ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ಕೇಳಿದರೆ ಸಂತೆಯನ್ನೇ ಕಣ್ಮುಂದೆ ತಂದು ಹೇಳುತ್ತಿದ್ದ. ಪಾಸಾದರೆ ರೈಲ್ವೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಕೆಲಸ ಗ್ಯಾರಂಟಿ ಎಂದು ಆಚಾರ್ಯರೇ ನನ್ನ ಮುಂದೆ ಹೇಳಿದ್ದರು. ಒಂದೇ ತೊಂದರೆ, ಆಗಾಗ ತಡಮಾಡುತ್ತಿದ್ದ. ಬೆವರು ಸುರಿಸುತ್ತ ಓಡಿ ಬರುವುದು, ಹಾಕಿದ ಬಾಗಿಲಿನ ಹೊರಗೆ ನಿಲ್ಲುವುದು. ಯಾಕೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಂದು ಸಲವಂತೂ ಅವನು ಹಾಗೆ ನಿಂತಿದ್ದಾಗ ಒಳಗೆ ನಡೆಯುತ್ತಿದ್ದದ್ದು ಬಾಳೆಎಲೆಯ ಪಾಠ. ಏಕಾದಶಿಯ ದಿನ ನಮ್ಮ ವೈಷ್ಣವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಅಂದು ಎಲೆಯನ್ನು ಕೇಳುವವರಿಲ್ಲ. ಮರುದಿನ ದ್ವಾದಶಿ, ಉಪವಾಸ ಮುರಿಯುವ ಪಾರಣೆಯ ಊಟಕ್ಕೆ ಎಲ್ಲರಿಗೂ ಬೇಕು, ಹಾಗಾಗಿ ಎಲೆ ತುಟ್ಟಿ. ಬೇಡಿಕೆ ಎಂದರೆ ಇದೇ ಎಂದು ಆಚಾರ್ಯರು ಗಟ್ಟಿದನಿಯಲ್ಲಿ ವಿವರಿಸುತ್ತಿದ್ದರು. ಅವರ ದನಿ ವರಾಂಡದಲ್ಲಿ ಹೋಗುತ್ತಿದ್ದ ನನಗೂ ಕೇಳಿಸಿತು, ಗೋಡೆಗೆ ಆತು ನಿಂತಿದ್ದ ಹುಲುಗಪ್ಪನಿಗೂ ಕೇಳಿಸಿತು. ಅಂದೂ ದ್ವಾದಶಿಯೇ. ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗದ ನಾವಿಬ್ಬರೂ, ಈ ಹುಡುಗ ದ್ವಾದಶಿಗೊಮ್ಮೆ ಮಾತ್ರ ತಡಮಾಡುತ್ತಾನೆಂಬುದನ್ನು ಕಾಣಲಿಲ್ಲವಲ್ಲ, ಥೂ!

ಪರೀಕ್ಷೆಗೆ ಕಳಿಸುವ ಹೆಸರುಗಳನ್ನು ಹೆಡ್ಮಾಸ್ತರರಿಗೆ ಕೊಡಬೇಕಾದ ದಿನ ಬಂತು. ಅದೂ ದ್ವಾದಶಿ. ಆಚಾರ್ಯರು ಮುಂಜಾನೆ ಪೂಜೆ ಮುಗಿಸಿ, ಕರೆದ ಬ್ರಾಹ್ಮಣರ ಪಂಕ್ತಿಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡು, ಸಾಲೆಗೆ ಹೊರಟರು. ಅರ್ಧ ದಾರಿಗೆ ಬಂದಾಗ ಕನ್ನಡಕ ಮರೆತದ್ದು ನೆನಪಾಯಿತು. ಹಿಂತಿರುಗಿದರೆ ತಾಯಿ ಮುಂಬಾಗಿಲ ಅಗಳಿ ಹಾಕಿಕೊಂಡು ಒಳಗೆ ಊಟಕ್ಕೆ ಕೂತಿದ್ದಾರೆ. ಇವರು ಸುತ್ತು ಹಾಕಿ ಹಿತ್ತಲಿಗೆ ಹೋದರು. ಅಲ್ಲಿ ನುಗ್ಗೆಗಿಡದ ಕೆಳಗೆ, ತೊಡೆಯ ಮೇಲೆ ಅರ್ಥಶಾಸ್ತ್ರದ ಪುಸ್ತಕ ಬಿಡಿಸಿಕೊಂಡು ಹುಲುಗಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಖಾಲಿ ಬೋಗುಣಿ.

ಕಾಲ ಸಪ್ಪಳ ಕೇಳಿ ಒಳಗಿನಿಂದ ಭೀಮಾಬಾಯಿ ಕೂಗಿದರು: "ಏ ಎಲಿ ಹುಡುಗಾ, ಅವಸರ ಮಾಡಬ್ಯಾಡ. ನಂದು ಊಟ ಆಗಿ, ಮಡಿ ಬಿಟ್ಟ ಮ್ಯಾಲ ಹಾಕ್ತೀನಿ. ಅಲ್ಲೇ ಕುಂದ್ರು!"

ಆ ಮನೆಯ ಪದ್ಧತಿ ನಮ್ಮವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಹುಲುಗಪ್ಪನ ತಾಯಿ ಸಂಗಮ್ಮ ಹಂಪಿಯ ಕಡೆಯ ತೋಟಗಳಿಂದ ಬಾಳೆಎಲೆ ತರಿಸಿ ಬ್ರಾಹ್ಮಣರ ಓಣಿಗೆ ಕೊಡುತ್ತಿದ್ದಳು. ದ್ವಾದಶಿಯ ಎಲೆಗೆ ಭೀಮಾಬಾಯಿ ದುಡ್ಡು ಕೊಡುತ್ತಿರಲಿಲ್ಲ. ಉಳಿದ ಅನ್ನ ಸಾರು ಕೊಡುತ್ತಿದ್ದರು. ಅದೂ ಗಂಡಸರೆಲ್ಲ ಉಂಡು, ಕೊನೆಗೆ ತಾವು ಉಂಡು, ಮಡಿಸೀರೆ ಬಿಟ್ಟು ಬೇರೆ ಉಟ್ಟ ಮೇಲೆ. ಮಡಿಯಲ್ಲಿದ್ದಾಗ ಹೊರಗಿನವರ ಹತ್ತಿರ ಸುಳಿಯುವ ಹಾಗಿಲ್ಲ. ಹುಡುಗ ಅಲ್ಲಿಯವರೆಗೆ ಕಾದು, ಬೋಗುಣಿಯನ್ನು ಚಿತ್ತವಾಡ್ಗಿಗೆ ಮುಟ್ಟಿಸಿ, ಅಲ್ಲಿಂದ ಸಾಲೆಗೆ ಓಡಬೇಕು. ಅವತ್ತಿನ ಮಟ್ಟಿಗೆ ಹುಲುಗಪ್ಪನ ಮನೆಯ ಊಟ ಅದೇ. ಮುಂಬಾಗಿಲಿನಿಂದ ಹೋಗಿ ಬರುವ ಆಚಾರ್ಯರಿಗೆ ಎಲೆ ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ ಎಂಬುದು ಬೇಕಾಗಿರಲೇ ಇಲ್ಲ.

ಹುಲುಗಪ್ಪ ಎದ್ದು ನಿಂತ. ಮುಖ ಕೆಳಗೆ ಹಾಕಿದ. ಆಚಾರ್ಯರು ಕನ್ನಡಕವನ್ನೂ ತೆಗೆದುಕೊಳ್ಳದೆ ತಿರುಗಿ ಸಾಲೆಗೆ ನಡೆದರು. ಗಂಟೆ ಹೊಡೆಯಿತು. ಅವರು ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ಓಡಿ ಬಂದ ಹುಡುಗ ಹೊರಗೇ ನಿಂತ. ಪಾಠ ಮುಗಿದ ಮೇಲೆ ಹೆಡ್ಮಾಸ್ತರರಿಗೆ ಹೆಸರುಗಳನ್ನು ಕೊಟ್ಟರು, ಅದರಲ್ಲಿ ಹುಲುಗಪ್ಪನ ಹೆಸರಿರಲಿಲ್ಲ.

ಸಂಜೆ ಕಾಲುವೆಯ ದಂಡೆಯಲ್ಲಿ ಇದನ್ನೆಲ್ಲ ಅವರೇ ನನಗೆ ಹೇಳಿದರು. ನಾನು ಸುಮ್ಮನಿರುವ ಪೈಕಿಯೇ?

"ಏನ್ರೀ, ನಿಮಗ ತಲಿ ಗಿಲಿ ಕೆಟ್ಟೈತೇನು? ಬಾಗಲಾ ತೆಗದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ತೆಗದಿದ್ರ ಹುಡುಗರು ಯಾಕ ಅಂತ ಕೇಳ್ತಿದ್ರು, ಪಂಡಿತರ. ನಮ್ಮನಿ ಹಿತ್ತಲದಾಗ ಅನ್ನಕ್ಕ ಕಾಯ್ಕೋತ ಕುಂತಿದ್ದ ಅಂತ ಹ್ಯಾಂಗ ಹೇಳ್ಲಿ?" ಅವರು ದಂಡೆಯ ಮೇಲೆ ಕೂತುಬಿಟ್ಟರು. "ನನಗ ನನ್ನ ಮರ್ಯಾದಿ ದೊಡ್ಡದಾತು. ಬಳ್ಳಾರಿಯೊಳಗ ನಾನೂ ವಾರಾನ್ನದ ಹುಡುಗನ. ದಿನಕ್ಕೊಂದು ಮನಿ ಮುಂದ ನಿಂತು ಉಂಡು ಓದಿದಾವ. ನನಗ ನಾಚಿಗಿ ಆಗ್ತದ್ರಿ, ಸಾಯೋ ಅಷ್ಟು ನಾಚಿಗಿ ಆಗ್ತದ."

ನಾನು ಬಯ್ಯುವುದನ್ನು ಅಲ್ಲಿಗೇ ಬಿಟ್ಟೆ. "ಏಳ್ರಿ, ಚಿತ್ತವಾಡ್ಗಿಗೆ ಹೋಗೂಣು," ಅಂದೆ. ಮರುದಿನ ಅವರು ಹೆಡ್ಮಾಸ್ತರರ ಎದುರು ತಪ್ಪು ಒಪ್ಪಿಕೊಂಡು ಹೆಸರು ಸೇರಿಸಿದರು, ಹುಲುಗಪ್ಪ ಪರೀಕ್ಷೆಗೆ ಕೂತು ಪಾಸೂ ಆದ. ಅದನ್ನು ಈಗಲೇ ಹೇಳಿಬಿಟ್ಟೆ. ಯಾಕೆಂದರೆ ಕಮಲಾಕರಾಚಾರ್ಯರಿಗೆ ಆಗಬೇಕಾದದ್ದು ಆದದ್ದು ಆ ಸಂಜೆ, ಸಂಗಮ್ಮನ ಅಂಗಳದಲ್ಲಿ.

ಕೋಟು ರುಮಾಲಿನ ಇಬ್ಬರು ಆಚಾರ್ಯರು ಆ ಕೇರಿಗೆ ಕಾಲಿಟ್ಟದ್ದನ್ನು ನೋಡಿ ಸಂಗಮ್ಮನಿಗೆ ಗಾಬರಿ. ಕೈಯಲ್ಲಿದ್ದ ಮೊರ ಕೆಳಗಿಟ್ಟು ಓಡಿ ಬಂದಳು.

"ಯಪ್ಪಾ, ಎಲಿ ಹರಿದಿದ್ವೇನ್ರಿ? ಗಾಳಿಗೆ ಹರೀತಾವ್ರಿ, ನಾ ಆರಿಸೇ ಕೊಟ್ಟಿದ್ದೆ. ಈ ಸಲ ಹೊಟ್ಟ್ಯಾಗ ಹಾಕ್ಕೊಳ್ರಿ."

ಆಚಾರ್ಯರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಅದು ಅವಳನ್ನು ಇನ್ನಷ್ಟು ಹೆದರಿಸಿತು.

"ತಡ ಆತೇನ್ರಿ ಹಂಗಾರ? ನಮ್ಮ ಹುಡುಗಗ ಬುಕ್ಕಿನ ಹುಚ್ಚು, ಎಲಿ ಹೊತ್ತಾಗೂ ಓದಿಕೋತ ಹೋಗ್ತಾನ. ನಾಳಿಂದ ಸಾಲಿ ಬಿಡಿಸ್ತೀನ್ರಿ. ಅವ್ವಾರಿಗೆ ಹೇಳ್ರಿ, ಹೊತ್ತಿಗೆ ಸರಿಯಾಗಿ ತರ್ತಾನ. ಓಣಿ ಮನಿಗೆ ಎಲಿ ಕೊಡೂದು ಮಾತ್ರ ತಪ್ಪಿಸಬ್ಯಾಡ್ರಿ."

"ಬ್ಯಾಡವ್ವಾ! ಹಂಗನಬ್ಯಾಡ!" ಆಚಾರ್ಯರು ಕೂಗಿಯೇ ಬಿಟ್ಟರು. "ಎಲಿದೇನೂ ತಪ್ಪಿಲ್ಲ, ಹುಡುಗಂದೂ ತಪ್ಪಿಲ್ಲ. ತಪ್ಪು ನಂದು. ಅವನ್ನ ನಾನು ಹೊರಗ ನಿಲ್ಲಿಸಿದೆ, ಅವನ ಹೆಸರೂ ಬಿಟ್ಟೆ. ನಾಳೆ ಸರಿ ಮಾಡ್ತೀನಿ. ಸಾಲಿ ಬಿಡಿಸಬ್ಯಾಡ, ನಿನಗ ಕೈ ಮುಗೀತೀನಿ." ಮುಗಿದೂಬಿಟ್ಟರು. ಸಂಗಮ್ಮ ಹೌಹಾರಿ ಹಿಂದೆ ಸರಿದಳು; ಹಾಗೆ ಮಾಡಬಾರದೆನ್ನುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಷ್ಟು ಹೊತ್ತೂ ಹುಲುಗಪ್ಪ ಗುಡಿಸಲ ಪಕ್ಕದಲ್ಲಿ ನಿಂತಿದ್ದ. ಈಗ ಮುಂದೆ ಬಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಆಚಾರ್ಯರು ಬದುಕಿಕೊಳ್ಳುತ್ತಿದ್ದರು.

"ಸಾರ್, ಮೊದಲು ನನಗ ಏನೂ ಅನಿಸ್ತಿರಲಿಲ್ರಿ. ಹೊರಗ ನಿಂತ್ರೂ ನಿಮ್ಮ ಪಾಠ ಕೇಳಿಸ್ತಿತ್ತು. ನಮ್ಮ ಸಾರಿಗೆ ಗೊತ್ತಿಲ್ಲ, ಗೊತ್ತಿದ್ರ ಒಳಗ ಕರೀತಿದ್ರು ಅಂದ್ಕೊಂಡು ನಿಲ್ಲತಿದ್ದೆ." ಅವನು ಆಚಾರ್ಯರ ಮುಖ ನೋಡಿದ. "ಇವತ್ತ ನೀವು ನನ್ನ ನೋಡಿದ್ರಿ."

ಕಮಲಾಕರಾಚಾರ್ಯರು ತಲೆ ಎತ್ತಲಿಲ್ಲ.

"ನೋಡಿದ್ದೆನಪ್ಪಾ," ಅಂದರು. "ನೋಡೇ ಬಾಗಲಾ ಹಾಕಿದೆ."