ತೂಗಿ ಕೊಟ್ಟ ಸಕ್ಕರೆ

ಮಗಳು ಇನ್ನೂ ಒಂದನೇ ಕ್ಲಾಸು. ಅವಳಿಗೆ ಮಧುಮೇಹ, ದಿನಾ ಇನ್ಸುಲಿನ್ ಚುಚ್ಚಲೇಬೇಕು ಎಂದು ಕಾರವಾರದ ಡಾಕ್ಟರು ಹೇಳಿದ ಮೇಲೆ, ಕೇಣಿಯ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ, ಮಗುವಿಗೆ ಚಾಕ್ಲೇಟ್ ಎಷ್ಟು ತಿನ್ನಿಸಿದ್ದೆ ಅಂತ. ಇದು ಚಾಕ್ಲೇಟಿನಿಂದ ಬರುವ ಕಾಯಿಲೆಯಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಯಾರಿಗೆ ಬೇಕಿತ್ತು ನನ್ನ ಮಾತು? ಅವರ ಮಾತನ್ನು ಮಾತ್ರ ಮಗಳು ಕಿವಿಗೊಟ್ಟು ಕೇಳುತ್ತಿದ್ದಳು.

ಅತ್ತೆ ಮಂಜಗುಣಿ ದೇವರಿಗೆ ಹರಕೆ ಹೊತ್ತರು, ಮೊಮ್ಮಗಳ ತೂಕದಷ್ಟು ಸಕ್ಕರೆಯ ತುಲಾಭಾರ. ಮಾಡಲಿ ಬಿಡು ಅಂದುಕೊಂಡೆ; ದೇವರ ಮೇಲೆ ನನಗೇನು ಸಿಟ್ಟು? ತಕ್ಕಡಿಯಿಂದ ಇಳಿಸುವಾಗ ಅತ್ತೆ ಅವಳ ಕಿವಿಯಲ್ಲಿ, ನಿನ್ನ ಮೈಯ ಸಕ್ಕರೆಯೆಲ್ಲ ದೇವರು ತಗೊಂಡ, ಕೊಟ್ಟದ್ದನ್ನು ಇನ್ನು ಮುಟ್ಟಬಾರದು ಎಂದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಸೂಜಿ ಕಂಡರೆ ಮಗಳು ಮೊದಲಿಗಿಂತ ಜೋರಾಗಿ ಅಳತೊಡಗಿದ್ದು ಮಾತ್ರ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಇನ್ಸುಲಿನ್ ಚುಚ್ಚಿಸಿಕೊಂಡವಳು ಊಟ ಅರ್ಧಕ್ಕೆ ಬಿಟ್ಟು ಆಡಲು ಓಡಿದಳು. ನೋಡಿದರೆ ಅಂಗಳದಲ್ಲಿ ಶೇಂಗಾ ಒಣಹಾಕಿದ ಚಾಪೆಯ ಪಕ್ಕ ಕುಸಿದು ಕೂತಿದ್ದಾಳೆ. ಮೈಯೆಲ್ಲ ಬೆವರು, ಕೈ ನಡುಕ. ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಆಗ ತಕ್ಷಣ ಸಿಹಿ ಹೊಟ್ಟೆಗೆ ಹೋಗಬೇಕು, ಇಲ್ಲದಿದ್ದರೆ ಜೀವಕ್ಕೇ ಕುತ್ತು. ಸಕ್ಕರೆ ನೀರು ಕಲಸಿ ತಂದರೆ ಹಲ್ಲು ಕಚ್ಚಿಕೊಂಡಳು.

"ಬ್ಯಾಡ. ಅದು ದೇವ್ರದ್ದು. ಕುಡದ್ರೆ ಕಾಯ್ಲೆ ಮತ್ತೆ ಬತ್ತದೆ, ಅಜ್ಜಿ ಹೇಳಿದ್ದು."

ಈಗ ಇದೇ ನಿನಗೆ ಔಷಧಿ ಎಂದು ಗದರಿದೆ, ಗೋಗರೆದೆ. ಬಾಯಿ ತೆರೆಯಲಿಲ್ಲ. ಕಣ್ಣು ತೇಲತೊಡಗಿತು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮೇಲೆ ಹರಿಹಾಯ್ದೆ. ಇವಳ ತಲೆಯಲ್ಲಿ ಇದನ್ನೆಲ್ಲ ತುಂಬಿದವರು ನೀವು, ತೆಗೆಯುವವರೂ ನೀವೇ, ಬನ್ನಿ ಎಂದೆ. ಅತ್ತೆ ಬಂದು ಲೋಟವನ್ನು ಅವಳ ಬಾಯಿಗೆ ಹಿಡಿದರು.

"ಇದು ಪ್ರಸಾದ ಮಗಾ. ದೇವ್ರೇ ಕಳ್ಸಿದ್ದು."

ಕುಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು ಅನ್ನ ಕೇಳಿದಳು. ಅತ್ತೆ ದೇವರಿಗೆ ದೀಪ ಹಚ್ಚಿದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಹೆತ್ತ ತಾಯಿ ಜೀವ ಉಳಿಸಲು ಹೇಳಿದ ನಿಜ ಆ ಪುಟ್ಟ ಬಾಯಿ ತೆರೆಸಲಿಲ್ಲ, ಒಂದು ಸುಳ್ಳು ತೆರೆಸಿತಲ್ಲ!

ಸಂಜೆ ಊಟಕ್ಕೆ ಮೊದಲು ಸಿರಿಂಜ್ ಹಿಡಿದು ಕೂತೆ. ಮಗಳು ಅಂಗಿ ಎತ್ತಲಿಲ್ಲ. ಅಳಲೂ ಇಲ್ಲ. ನಗುನಗುತ್ತ ಅಜ್ಜಿಯ ಕಡೆ ತಿರುಗಿದಳು.

"ಪ್ರಸಾದ ಕುಡ್ದೆ ಅಲ್ಲ ಅಜ್ಜಿ, ಇನ್ನು ಸೂಜಿ ಬ್ಯಾಡ ಅಲ್ದಾ?"

ಅತ್ತೆ ನನ್ನ ಮುಖ ನೋಡಿದರು.

"ಹೇಳಿ ಈಗ," ಎಂದೆ.