ಕಾಬೂಲಿನ ಗೆಳತಿ ಕೇಳಿದ ಪ್ರಶ್ನೆ

ಬೇರೆ ದೇಶದ ಹೆಂಗಸರಿಗಾಗಿ ಮರುಗುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಮಧುಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಮಹಿಳಾ ದಿನಾಚರಣೆ ಹತ್ತಿರ ಬಂದರೆ ಶಿರಾ, ಕೊರಟಗೆರೆ, ಪಾವಗಡ ಅಂತ ಎಲ್ಲ ಕಡೆಯಿಂದ ಭಾಷಣಕ್ಕೆ ಕರೆಯುತ್ತಾರೆ. ಹೋದಲ್ಲೆಲ್ಲ ವೇದಿಕೆಯ ತುಂಬ ಗಂಡಸರೇ. ಹೆಣ್ಣು ಅಂದರೆ ಭೂಮಿ, ಹೆಣ್ಣು ಅಂದರೆ ತಾಯಿ ಅಂತ ಹೇಳಿ, ನನಗೊಂದು ಶಾಲು ಹೊದಿಸಿ, ಊಟಕ್ಕೆ ಏಳುತ್ತಾರೆ. ಆ ಶಾಲುಗಳಿಂದ ನಾನು ಮನೆಯ ಮಿಕ್ಸಿ ಒರೆಸುತ್ತೇನೆ.

ಕೆಲವು ವರ್ಷದ ಹಿಂದೆ ಐ.ಡಿ.ಹಳ್ಳಿ ಕಡೆಯ ಒಂದು ಪಂಚಾಯಿತಿಯಿಂದ ಫೋನ್ ಬಂತು. "ಮೇಡಂ, ನಾನು ಪ್ರೆಸಿಡೆಂಟು. ನಿಮಗೆ ಅಫ್ಘಾನಿಸ್ತಾನದ ಸ್ನೇಹಿತೆ ಒಬ್ರು ಅವ್ರಂತಲ್ಲ, ವೀಡಿಯೊ ಕಾಲಲ್ಲಿ ಮಾತಾಡ್ಸಿ. ಪಾಪ, ಆ ದೇಶದ ಹೆಂಗಸ್ರ ಕಷ್ಟ ನಮ್ ಜನಕ್ಕೂ ಗೊತ್ತಾಗ್ಲಿ" ಅಂತ ಒಂದು ದಪ್ಪ ದನಿ. ಆಗಲಿ ಅಂದೆ.

ಸ್ನೇಹಿತೆ ಇದ್ದದ್ದು ನಿಜ. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಒಮ್ಮೆ ಕೊರಟಗೆರೆಯ ನಮ್ಮ ಮನೆಗೆ ಬಂದವಳು ರಾಗಿಮುದ್ದೆಯನ್ನು ಅರ್ಧ ಗಂಟೆ ಅಗಿದು, ದವಡೆ ಹಿಡಿದುಕೊಂಡು ಕೂತಿದ್ದಳು. ಓದು ಮುಗಿದ ಮೇಲೆ ಕಾಬೂಲಿಗೆ ಹೋಗಿ ತಮ್ಮ ಮನೆಯ ಪಡಸಾಲೆಯಲ್ಲೇ ಹುಡುಗಿಯರಿಗೆ ಶಾಲೆ ತೆರೆದಳು. ಅವಳ ವಂಶದಲ್ಲಿ ಕಾಲೇಜು ಕಂಡ ಮೊದಲ ಹೆಣ್ಣು ಅವಳೇ, ಚುನಾವಣೆಗೆ ನಿಂತ ಮೊದಲ ಹೆಣ್ಣೂ ಅವಳೇ. ಗೆದ್ದು ಸಂಸತ್ತಿಗೆ ಹೋದಳು. ಅಣ್ಣ ಕಾರಿನಲ್ಲಿ ಕರೆದೊಯ್ದು ಸಂಸತ್ತಿನ ಬಾಗಿಲ ಹೊರಗೇ ನಿಲ್ಲುತ್ತಿದ್ದನಂತೆ, ಒಳಗೆ ಹೋಗಿ ಕೂರುತ್ತಿದ್ದವಳು ಅವಳೊಬ್ಬಳೇ. ಜ್ವರ ಬಂದ ದಿನವೂ ತನ್ನ ಕುರ್ಚಿ ಬಿಡಲಿಲ್ಲ ಅಂತ ನಗುತ್ತಾ ಹೇಳಿದ್ದಳು. ಆಮೇಲೆ ಬಂದೂಕು ಹಿಡಿದವರು ಊರೊಳಗೆ ಬಂದರು. ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಅವಳು ಒಂದೇ ಒಂದು ಚೀಲ ಹಿಡಿದು ದೇಶ ಬಿಟ್ಟಳು. ಈಗ ಯಾವುದೋ ಚಳಿಯ ಊರಿನ ಎರಡು ಕೋಣೆಯ ಮನೆಯಿಂದ, ಶಾಲೆ ಮುಚ್ಚಿಸಿಕೊಂಡ ತನ್ನೂರಿನ ಹುಡುಗಿಯರಿಗೆ ಫೋನಿನಲ್ಲೇ ಗಣಿತ ಹೇಳಿಕೊಡುತ್ತಾಳೆ.

ದಪ್ಪ ದನಿಯ ಫೋನ್ ಬಂದ ದಿನವೇ ಸಂಜೆ ಒಂದು ಸಣ್ಣ ದನಿ ಫೋನ್ ಮಾಡಿತು. "ಮೇಡಂ, ಗೆದ್ದಿರೋಳು ನಾನು. ಬೆಳಿಗ್ಗೆ ಮಾತಾಡಿದ್ದು ನಮ್ಮನೆಯವ್ರು." ಆಕೆಗೆ ಬೇಕಿದ್ದದ್ದು ಒಂದು ರೂಮು. ಪಂಚಾಯಿತಿ ಕಚೇರಿಯ ಹಿಂದೆ ಹಳೇ ಲೈಬ್ರರಿ ರೂಮಿದೆ. ಎಸ್ಸೆಸ್ಸೆಲ್ಸಿ ಹುಡುಗಿಯರು ಸಂಜೆ ಕೂತು ಓದಲಿ ಅಂತ ಆಕೆಯ ಆಸೆ. ಮನೆಯಲ್ಲಿ ಅವರಿಗೆ ಪಾತ್ರೆ, ಕಸ, ದನ, ಟೀವಿ. ಫೇಲಾದರೆ ಮದುವೆ. ಆಕೆಗೂ ಆದದ್ದು ಅದೇ. ಆದರೆ ಆ ರೂಮಿನ ತುಂಬ ಗಂಡನ ಡ್ರಿಪ್ ಪೈಪು, ಮೋಟಾರು. ಬೀಗದ ಕೈ ಅವನ ಜೇಬಿನಲ್ಲಿ. "ಮೀಟಿಂಗಲ್ಲಿ ಹೇಳ್ದೆ ಮೇಡಂ. ಆಯ್ತು, ಹೋಗಿ ಕಾಫಿ ಕಳ್ಸು ಅಂದ್ರು. ನೀವು ಭಾಷಣದಲ್ಲಿ ಒಂದ್ ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ." ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳುತ್ತೇನೆ ಅಂದೆ.

ಕಾರ್ಯಕ್ರಮದ ದಿನ ಹೋಗಿ ನೋಡಿದರೆ ವೇದಿಕೆಯ ನಡುವೆ ಎತ್ತರದ ಬೆನ್ನಿನ ಕುರ್ಚಿ, ಅದರ ಮೇಲೆ ಗಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಗೆ ದಪ್ಪ ಕಡಗ. ಊರೆಲ್ಲ ಅವನನ್ನು ಪ್ರೆಸಿಡೆಂಟ್ರು ಅನ್ನುತ್ತದೆ, ಓಟು ಗೆದ್ದವಳನ್ನು ಪ್ರೆಸಿಡೆಂಟ್ರ ಹೆಂಗಸ್ರು ಅನ್ನುತ್ತದೆ. ಆಕೆ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಅಲ್ಲಿದ್ದ ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ.

ನಾನು ಭಾಷಣದಲ್ಲಿ ರೂಮಿನ ಮಾತು ಎತ್ತಿದೆ. ಗಂಡ ತಲೆಯಾಡಿಸಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ನನ್ನ ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸಿದರು. ಗೆಳತಿ ಕಾಣಿಸಿದಳು, ಕೂದಲು ಪೂರಾ ನರೆತಿತ್ತು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮೈಕಿನಲ್ಲಿ ಕನ್ನಡ ಮಾಡಿದೆ. ಮುಚ್ಚಿದ ಶಾಲೆ, ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕದ್ದು ಓದುವ ಹುಡುಗಿಯರು. ಮುಂದಿನ ಸಾಲಿನ ಮುಖಂಡರು ಲೊಚಗುಟ್ಟಿದರು. "ನಮ್ ದೇಶದಾಗೆ ಇಂಗೆಲ್ಲ ಇಲ್ಲ ಬುಡಪ್ಪ, ಪುಣ್ಯ ಮಾಡಿದ್ವಿ" ಅಂದ ಒಬ್ಬ. ಅವನ ಮಗಳು ಹಿಂದಿನ ವರ್ಷ ಹತ್ತರಲ್ಲಿ ಫೇಲಾಗಿ, ಆಗಲೇ ಗಂಡನ ಮನೆ ಸೇರಿದ್ದಳಂತೆ. ಗಂಡಮಹಾಶಯ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ಫೋಟೊದವನು ಅದನ್ನು ಸರಿಯಾಗಿ ಹಿಡಿದ.

ಕೊನೆಗೆ ಗೆಳತಿ ಕೇಳಿದಳು: "ನಿಮ್ಮ ಅಧ್ಯಕ್ಷೆಗೆ ನಾನು ನಮಸ್ಕಾರ ಹೇಳಬೇಕು. ಎಲ್ಲಿದ್ದಾರೆ?"

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಗಂಡ ಎದ್ದು ಅಂಗಿ ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ಬಂದ. "ನಾನೇ ಅನ್ನಿ ಮೇಡಂ. ಗೆದ್ದಿರೋದು ನಮ್ಮ ಹೆಂಗಸ್ರು, ಆದ್ರೆ ಕುರ್ಚಿ ಮೇಲೆ ಕೂರೋದು, ಕೆಲ್ಸ ನೋಡ್ಕಳ್ಳೋದು ಎಲ್ಲಾ ನಾನೇ ಅಂತ ಹೇಳಿ."

ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗೆಳತಿಯ ಮುಖದ ಬಣ್ಣವೇ ಇಳಿಯಿತು. ತಮಾಷೆ ಮಾಡುವ ಮುಖ ಅಲ್ಲ ಅದು, ಅವಳನ್ನು ನಾನು ಬಲ್ಲೆ. ಗೆದ್ದ ಹೆಣ್ಣಿನ ಕುರ್ಚಿಯಲ್ಲಿ ಗಂಡಸು ಕೂತಿದ್ದಾನೆ ಅಂದರೆ ಏನಾಗಿರುತ್ತದೆ ಅಂತ ಅವಳಿಗೆ ಅನುಭವವಿತ್ತು. ಮೆಲ್ಲಗೆ ಕೇಳಿದಳು. ನಾನು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು ಕನ್ನಡ ಮಾಡಿದೆ.

"ಅಯ್ಯೋ. ಆಕೆ ಜೀವಂತವಾಗಿ ತಪ್ಪಿಸಿಕೊಂಡರಾ?"

ಹಿಂದಿನ ಸಾಲಿನಲ್ಲಿ ಒಂದು ಹುಡುಗಿ ಕಿಸಕ್ಕೆಂದಳು, ಆಮೇಲೆ ಇನ್ನೊಬ್ಬಳು. ಗಂಡ ಇಂಗು ತಿಂದ ಮಂಗನಂತೆ ಪರದೆಯ ಕಡೆ ನೋಡುತ್ತಾ ನಿಂತ. ನನಗೆ ಆದ ಖುಷಿಯನ್ನು ಬಚ್ಚಿಡಲು ನಾನೇನೂ ಪ್ರಯತ್ನಪಡಲಿಲ್ಲ.

ಆಕೆ ತಟ್ಟೆಯನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟು ನಡೆದು ಬಂದರು. "ನಾನಿಲ್ಲೇ ಇದೀನಿ ಅಂತ ಹೇಳಿ ಮೇಡಂ" ಅಂದರು. ಹೇಳಿದೆ. ಗೆಳತಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಆಕೆ ಕೈ ಮುಗಿದು, ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ರೂಮಿನ ಬೀಗದ ಕೈ ಕೊಡಿ" ಅಂದರು.

ಪರದೆ ಇನ್ನೂ ಆನ್ ಇತ್ತು. ಫೋಟೊದವನೂ ಇದ್ದ. ಗಂಡ ಹಲ್ಲು ಕಿರಿದು, ಇದೆಲ್ಲ ಮೊದಲೇ ತಾನು ಯೋಚಿಸಿದ್ದು ಅನ್ನುವ ಹಾಗೆ ಕೊಟ್ಟ. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, "ಅವ್ರಿಗೆ ಕನ್ನಡ ಬರಲ್ಲ, ನೀವು ಏನೋ ಒಂದು ಹೇಳ್ಬೋದಿತ್ತಲ್ಲ ಮೇಡಂ" ಅಂತ ಗೊಣಗಿದ. ಹೋಳಿಗೆ ಚೆನ್ನಾಗಿದೆ ಅಂದೆ.

ಪರೀಕ್ಷೆ ಹತ್ತಿರವಾದಾಗ ಆಕೆಯೇ ಫೋನ್ ಮಾಡಿದರು. ಹಿಂದೆ ಹುಡುಗಿಯರು ಜೋರಾಗಿ ಓದುವ ಸದ್ದು. ಪೈಪುಗಳನ್ನು ಆ ಹುಡುಗಿಯರೇ ಹೊತ್ತು ಹೊರಗೆ ಹಾಕಿದರಂತೆ. ಕುರ್ಚಿಯ ಕಥೆ ಏನು ಅಂತ ಕೇಳಿದೆ.

"ಅದ್ರ ಮೇಲೆ ಇನ್ನೂ ಅವ್ರೇ ಕೂತವ್ರೆ ಮೇಡಂ. ನಿಮ್ ಗೆಳತಿ ಕೇಳಿದ್ರೆ ಹೇಳಿ, ಆಯಮ್ಮ ಇನ್ನೂ ತಪ್ಪಿಸ್ಕಂಡಿಲ್ಲ, ಬೀಗದ ಕೈ ಮಾತ್ರ ಅವಳ ಹತ್ರನೇ ಐತೆ ಅಂತ."