ನನ್ನ ದನಿಯಲ್ಲಿ ಮಾತಾಡಿದ ಹುಡುಗಿ

ಮುಳಬಾಗಿಲಿನಲ್ಲಿ ಬೇಸಿಗೆ ಬಂತೆಂದರೆ ಬ್ರಿಡ್ಜ್ ಕೋರ್ಸುಗಳ ಬ್ಯಾನರ್‌ಗಳು ಮಾವಿನ ಮಂಡಿಯ ಗೋಡೆಯವರೆಗೂ ಹಬ್ಬಿರುತ್ತವೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯುಸಿಗೆ ಸೈನ್ಸ್ ತೆಗೆದುಕೊಂಡರೆ ಜೂನ್‌ನಲ್ಲಿ ಎಲ್ಲವೂ ಒಮ್ಮೆಲೇ ಇಂಗ್ಲಿಷ್ ಆಗಿಬಿಡುತ್ತದೆ. ಆ ಭಯ ಬಿಡಿಸುವುದಕ್ಕೆ ಈ ಕ್ಲಾಸುಗಳು. ರಿಟೈರ್ ಆಗಿ ಇಷ್ಟು ವರ್ಷವಾದರೂ ನನ್ನನ್ನು ಕರೆಯುತ್ತಾರೆ. ಕಾನ್ವೆಂಟ್ ಇಂಗ್ಲಿಷ್‌ಗೆ ಇಲ್ಲಿ ಇನ್ನೂ ಡಿಮ್ಯಾಂಡ್ ಇದೆ.

ಮೊದಲ ವಾರ ನಾನು ಪುಸ್ತಕ ಮುಚ್ಚಿಸುತ್ತೇನೆ. ನಾನು ಹೇಳುವುದು, ಮಕ್ಕಳೆಲ್ಲ ಒಟ್ಟಿಗೆ ಅದನ್ನೇ ಹೇಳುವುದು, ಅಷ್ಟೇ. ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ನಮ್ಮ ಸಿಸ್ಟರ್ ನಮಗೆ ಕಲಿಸಿದ್ದೂ ಹೀಗೆಯೇ. ಆಕೆ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೂ ಸ್ವಲ್ಪ ಗಂಟಲು ಸರಿಮಾಡಿಕೊಂಡು, ‘ಲಿಸನ್, ಚೈಲ್ಡ್’ ಎಂದು ಎಳೆದು ಪಾಠ ಶುರುಮಾಡುವ ಆಕೆಯ ರೀತಿ ನನ್ನಲ್ಲಿ ಹಾಗೆಯೇ ಉಳಿದಿದೆ.

ಹೋದ ಬೇಸಿಗೆಯ ಬ್ಯಾಚಿನಲ್ಲಿ ಬೈರಕೂರಿನ ಕಡೆಯ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಕೋಲಾರದಲ್ಲಿ ಸೈನ್ಸ್ ಓದಬೇಕೆಂಬುದು ಅವಳ ಹಂಬಲ. ಅಪ್ಪನ ಒಪ್ಪಿಗೆ ಇತ್ತು, ಆದರೆ ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಏನೂ ನಡೆಯುವುದಿಲ್ಲ. ಅಜ್ಜಿ ಇನ್ನೂ ಹೂಂ ಅಂದಿರಲಿಲ್ಲ.

ಎಲ್ಲರ ಜೊತೆ ತುಟಿ ಅಲ್ಲಾಡಿಸುತ್ತಿದ್ದ ಹುಡುಗಿ, ಒಬ್ಬಳನ್ನೇ ಎಬ್ಬಿಸಿ ಕೇಳಿದರೆ ನೆಲ ನೋಡುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ಮತ್ತೆ ಎಬ್ಬಿಸಿದೆ. ಅವಳು ಗಂಟಲು ಸರಿಮಾಡಿಕೊಂಡಳು. ನೀರು ಯಾವುದರಿಂದ ಆಗಿದೆ ಎಂದು ಇಂಗ್ಲಿಷ್‌ನಲ್ಲಿ ಹೇಳಿದಳು. ಒಂದು ತಪ್ಪಿಲ್ಲ. ಆದರೆ ದನಿ ನನ್ನದು. ಹದಿನಾರರ ಮುಖದೊಳಗಿಂದ ಎಪ್ಪತ್ತು ದಾಟಿದ ನನ್ನದೇ ದನಿ, ಮಾತಿನ ಕೊನೆಗೆ ಉಸಿರು ಸಾಲದೆ ಸಣ್ಣಗಾಗುವುದೂ ಸೇರಿ. ಹುಡುಗರು ಗೊಳ್ಳೆಂದು ನಕ್ಕರು. ಅವಳು ಮುಂದುವರಿಸಿದಳು. ನಗು ತಾನಾಗಿಯೇ ನಿಂತುಹೋಯಿತು.

ಮಾರನೆಯ ದಿನದಿಂದ ಅವಳು ಬರಲಿಲ್ಲ. ಒಂದು ಬೆಳಿಗ್ಗೆ ಅವಳ ಅಪ್ಪ ಹಾಲಿನ ಕ್ಯಾನ್ ಹಿಡಿದುಕೊಂಡೇ ಕ್ಲಾಸಿನ ಬಾಗಿಲಿಗೆ ಬಂದರು. ಹುಳುವಿನ ಮನೆಯಲ್ಲಿ ಸೊಪ್ಪು ಹಾಕುವಾಗ ಮಗಳು ಯಾರೋ ಮುದುಕಿಯ ದನಿಯಲ್ಲಿ ಇಂಗ್ಲಿಷ್ ಮಾತಾಡುತ್ತಾಳಂತೆ. ಅಜ್ಜಿ ಬಾಗಿಲಲ್ಲಿ ನಿಂತು, ನೀನು ಯಾರು ಎಂದು ತೆಲುಗಿನಲ್ಲಿ ಗದರಿ ಕೇಳಿದರೆ, ಉತ್ತರವೂ ಇಂಗ್ಲಿಷ್‌ನಲ್ಲೇ ಬಂತಂತೆ. ಕುರುಡುಮಲೆ ಗಣೇಶನಿಗೆ ಕಾಯಿ ಒಡೆಸಿದ್ದೂ ಆಗಿತ್ತು.

“ಇದು ಬಿಟ್ಟೋಗೋ ತನಕ ಕಾಲೇಜಿನ ಮಾತೇ ಬೇಡ ಅಂತವ್ಳೆ ನಮ್ಮಮ್ಮ. ಅಡ್ಮಿಷನ್ ಮುಗಿದೋಗ್ತದೆ ಮೇಡಂ. ನೀವೊಂದು ಸಲ ಬಂದು ಹೇಳಿ.”

ಹೋಗಿ ಎಕ್ಸ್‌ಪ್ಲೇನ್ ಮಾಡಿದರೆ ಮುಗಿಯಿತು ಎಂದುಕೊಂಡು ಬಸ್ ಹತ್ತಿದೆ.

ಉರಿಬಿಸಿಲು. ತೋಟದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹುಳುವಿನ ಮನೆಯ ಹತ್ತಿರ ಹೋಗುತ್ತಿದ್ದಂತೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಆಕಾಶ ನೋಡಿದೆ. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದದು. ಅದರ ನಡುವೆ, ಒಳಗೆ, ನಾನು ಪಾಠ ಮಾಡುತ್ತಿದ್ದೆ. ಹೊರಗೆ ಬಾಯಿ ಮುಚ್ಚಿಕೊಂಡು ನಿಂತಿದ್ದವಳೂ ನಾನೇ. ಕೈ ತಾನಾಗಿ ಗಂಟಲು ಮುಟ್ಟಿ ನೋಡಿಕೊಂಡಿತು.

ಒಳಗೆ ಯಾರೂ ಹಾಗೇ ನುಗ್ಗುವಂತಿಲ್ಲ. ಹೊರಗಿನವರ ಸೋಂಕು ಹುಳುವಿಗೆ ಆಗದು. ಅಜ್ಜಿ ಬಂದು ನನ್ನನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದರು, ಮೊಮ್ಮಗಳನ್ನು ಒಳಗೇ ನಿಲ್ಲಿಸಿದರು. ನಾನು ಒಂದು ವಾಕ್ಯ ಹೇಳಿದೆ. ಹುಡುಗಿ ಅದನ್ನೇ ಹೇಳಿದಳು. ನೋಡಿ, ಇದು ಬರೀ ಪ್ರಾಕ್ಟೀಸು, ಗಿಳಿ ಕಲಿಯುವ ಹಾಗೆ, ದೆವ್ವವೂ ಇಲ್ಲ ಏನೂ ಇಲ್ಲ ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇದು ನಿಮ್ದೇ ದನೀನಾ ಟೀಚರಮ್ಮಾ?”

ಸಿಸ್ಟರ್ ನೆನಪಾದರು. ಆದರೂ ಹೌದು ಎಂದೆ.

“ಹಂಗಾದ್ರೆ ಹಿಡ್ಕೊಂಡಿರೋದು ನೀವೇ ಅನ್ನಿ.”

“ಅಯ್ಯೋ, ನಾನು ಬದುಕಿದೀನಲ್ಲಮ್ಮಾ.”

“ಸತ್ತೋರಾದ್ರೆ ಒಂದು ನಿಂಬೆಹಣ್ಣಿಗೆ ಹೋಗ್ತಾರೆ. ಬದುಕಿರೋರು ಹಿಡ್ಕೊಂಡ್ರೇನೇ ಕಷ್ಟ.” ಆಕೆಯ ದನಿಯಲ್ಲಿ ಕೋಪವೇ ಇರಲಿಲ್ಲ. “ನೀವು ಬಿಟ್ಟೋಗಿ, ಕಾಲೇಜಿಗೆ ಕಳಿಸ್ತೀನಿ. ನನ್ನ ಮಾತು ಮಾತೇ.”

ಹುಡುಗಿ ಸೊಪ್ಪಿನ ಬುಟ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ವಾದ ಮಾಡುವುದಕ್ಕೆ ನನ್ನಲ್ಲಿ ಎಷ್ಟು ಬೇಕಾದರೂ ಮಾತಿತ್ತು. ಅಡ್ಮಿಷನ್‌ಗೆ ಹೆಚ್ಚು ದಿನ ಉಳಿದಿರಲಿಲ್ಲ. ಆಗಲಿ ಎಂದೆ.

ಅಜ್ಜಿ ಉಪ್ಪು, ಒಣಮೆಣಸಿನಕಾಯಿ ತಂದು ಮೊದಲು ಅವಳಿಗೆ, ಆಮೇಲೆ ನನಗೆ ನಿವಾಳಿಸಿದರು. ಸೀದಾ ರಸ್ತೆಗೆ ಹೋಗಬೇಕು, ಹಿಂದೆ ಯಾರು ಏನಂದರೂ ತಿರುಗಬಾರದು, ಇನ್ನು ಮೇಲೆ ಅವಳ ಮುಖವನ್ನೂ ನೋಡಬಾರದು. ತಿರುಗಿದರೆ ಮತ್ತೆ ಹಿಡಿದ ಹಾಗೆಯೇ. ಇವಿಷ್ಟು ಆಕೆಯ ಷರತ್ತು. ಕೆಂಡಕ್ಕೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ. ಅದನ್ನು ನೋಡಿ ಆಕೆ ತಲೆಯಾಡಿಸಿದರು. ಅದರರ್ಥ ಇಲ್ಲಿ ಹುಟ್ಟಿದವಳಾದ ನನಗೂ ಗೊತ್ತು. ಏನೋ ಇತ್ತು, ಅಂತ.

ಹಿಪ್ಪುನೇರಳೆ ಸಾಲಿನ ನಡುವೆ ನಡೆದೆ. ಅರ್ಧ ದಾರಿಗೆ ಬಂದಾಗ ಹಿಂದಿನಿಂದ, ತೀರ ಹತ್ತಿರದಲ್ಲಿ, ಗಂಟಲು ಸರಿಮಾಡಿಕೊಂಡ ಸದ್ದು.

“ಲಿಸನ್, ಚೈಲ್ಡ್.”

ಹುಡುಗಿ ಹುಳುವಿನ ಮನೆಯಲ್ಲಿದ್ದಳು, ಅಷ್ಟು ಹತ್ತಿರ ಹೇಗೆ ಬಂದಾಳು? ನನ್ನನ್ನು ಚೈಲ್ಡ್ ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ. ಬೋರ್ಡಿಂಗ್‌ನಲ್ಲಿ ಆ ಮಾತಿಗೆ ನಾವೆಲ್ಲ ಒಟ್ಟಿಗೆ ತಿರುಗುತ್ತಿದ್ದೆವು. ಕತ್ತು ಅರ್ಧ ತಿರುಗಿಯೇ ಬಿಟ್ಟಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಎದುರಿಗೆ ಕಾಣುವ ಬಸ್ ಶೆಲ್ಟರನ್ನೇ ನೋಡುತ್ತ ನಡೆದೆ.

ಜುಲೈನಲ್ಲಿ ಕಣ್ಣಿನ ಆಸ್ಪತ್ರೆಗೆಂದು ಕೋಲಾರದ ಬಸ್ ಹತ್ತಿದ್ದೆ. ತುಂಬ ಕಾಲೇಜು ಮಕ್ಕಳು. ನನ್ನ ಹಿಂದಿನ ಸೀಟಿನಲ್ಲಿ ನನ್ನ ದನಿ ಕೆಮಿಸ್ಟ್ರಿ ಹೇಳಿಕೊಡತೊಡಗಿತು, ನಿಧಾನಕ್ಕೆ, ಎಳೆದು ಎಳೆದು. ಪಕ್ಕದವಳಿರಬೇಕು, “ಲೇ, ಮುದುಕಿ ಥರ ಮಾತಾಡ್ಬೇಡ ಕಣೇ, ಭಯ ಆಗ್ತದೆ” ಅಂದಳು.

“ಮನೇಲಿ ಹಿಂಗೆ ಮಾತಾಡಲ್ಲ. ಇಲ್ಲಾದ್ರೂ ಮಾತಾಡ್ತೀನಿ ಬಿಡೇ.” ಅದು ಎಳೆಯ ದನಿ, ಬೈರಕೂರಿನದು.

ಅಂತೂ ಸೇರಿದ್ದಾಳೆ. ಕಾಲೇಜಿನ ಸ್ಟಾಪಿನಲ್ಲಿ ಹುಡುಗಿಯರೆಲ್ಲ ನನ್ನ ಪಕ್ಕದಿಂದಲೇ ಇಳಿದು ಹೋಗುವವರೆಗೆ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಒಬ್ಬರ ಬ್ಯಾಗು ನನ್ನ ಭುಜಕ್ಕೆ ತಾಗಿ, ಒಂದು ಕ್ಷಣ ನಿಂತು, ಮುಂದೆ ಹೋಯಿತು.